ಬಸವಣ್ಣನ ಪಾದದ ಕುಂಕುಮ

"ಬ್ಲೇಡ್ ತಗೋರಿ, ಶಶಿಕಾಂತ," ಎಂದು ಬೀಜ ಕಂಪನಿಯ ಸಾಹುಕಾರ ಮಡಿವಾಳಪ್ಪನವರು ಹೊಸ ಪೊಟ್ಟಣವೊಂದನ್ನು ನನ್ನ ಕಡೆ ಸರಿಸಿದರು. "ನಾಳೆ ಇನ್ಸ್‌ಪೆಕ್ಟರ್ ಬಂದಾಗ ಹರದ ಚೀಟಿ ಹ್ಯಾಂಗಿರತೈತಿ ಅಂತ ತೋರಸಬೇಕು. ನೀವ ಒಡೀರಿ."

ತಾರಿಹಾಳದ ಕಾರ್ಖಾನೆಯ ಆ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಗೋಡೆಯಾಚೆ ಬೀಜ ಸೋಸುವ ಯಂತ್ರ ಗರಗರ ಎನ್ನುತ್ತಿತ್ತು. ಮೇಜಿನ ಎಡಕ್ಕೆ ಕಂಪನಿಯ ಹತ್ತಿ ಬೀಜದ ಪೊಟ್ಟಣಗಳಿದ್ದವು. ಬಲಕ್ಕೆ ನಕಲಿಗಳು, ಬಿತ್ತಿದ್ದು ಮೊಳೆಯದ ಸಿಟ್ಟಿಗೆ ರೈತರು ಇನ್ನೂ ಒಡೆಯದೆ ತಂದು ಸುರಿದು ಹೋದವು. ನಡುವೆ ಕಂಪನಿ ಕರೆಸಿದ ಖಾಸಗಿ ಪತ್ತೇದಾರನಾದ ನನ್ನ ರಿಪೋರ್ಟು. ಹೊಳೆಯುವ ಚೀಟಿಗಳನ್ನು ಕದ್ದು ನಕಲಿಯವರಿಗೆ ಮುಟ್ಟಿಸಿದವಳು ಪ್ಯಾಕಿಂಗ್ ಸೂಪರ್‌ವೈಸರ್ ಗೀತಾಂಜಲಿ ಎಂದು ಅದರಲ್ಲಿ ಬರೆದವನು ನಾನೇ. ಸಹಿಯೊಂದು ಬಾಕಿ ಇತ್ತು.

ಚೀಟಿ ಎಂದರೆ ಹಾಲೋಗ್ರಾಂ. ಬೆಳವಲಬಸವ ಸೀಡ್ಸ್‌ನವರು ನಕಲಿಯ ಕಾಟಕ್ಕೆ ಬೇಸತ್ತು ಹಿಂದಿನ ವರ್ಷ, ಅಂದರೆ ಎರಡು ಸಾವಿರದ ಇಸವಿಯಲ್ಲಿ, ಪ್ರತಿ ಪೊಟ್ಟಣದ ಬಾಯಿಗೂ ಇದನ್ನು ಅಂಟಿಸತೊಡಗಿದ್ದರು. ಚೀಟಿಯಲ್ಲಿ ಕೊಂಬಿಗೆ ಗೊಂಡೆ ಕಟ್ಟಿಕೊಂಡ ಬಸವಣ್ಣ ನಿಂತಿದ್ದಾನೆ. ಪೊಟ್ಟಣ ಓರೆ ಮಾಡಿದರೆ ಹಸಿರು ಬಸವಣ್ಣ ಕೆಂಪಾಗುತ್ತಾನೆ, ತಲೆ ಈಚೆಯಿಂದ ಆಚೆಗೆ ಹೊರಳಿಸುತ್ತಾನೆ. ಅಂಥ ಚಿತ್ರವನ್ನು ಸಾದಾ ಪ್ರೆಸ್ಸಿನಲ್ಲಿ ಹೊಡೆಯಲು ಬರುವುದಿಲ್ಲ. ಕೀಳಲು ಹೋದರೆ ಹೊಳಪೆಲ್ಲ ಕಾಗದದಲ್ಲೇ ಉಳಿದು ಬರೀ ಪ್ಲಾಸ್ಟಿಕ್ ಕೈಗೆ ಬರುತ್ತದೆ. ಪೊಟ್ಟಣದ ಬಾಯಿ ಒಡೆದರಂತೂ ಚೀಟಿ ನಡುವೆ ಹರಿದು ಎರಡಾಗುತ್ತದೆ. ಒಂದು ಸಲ ಬಳಸಿದ ಚೀಟಿ ಮತ್ತೊಮ್ಮೆ ಬಳಕೆಗೆ ಬಾರದು.

ಇಷ್ಟಿದ್ದೂ ನಕಲಿ ಪೊಟ್ಟಣಗಳ ಮೇಲೆ ಇದ್ದದ್ದು ಅಸಲಿ ಚೀಟಿ, ಅದೂ ಇಡಿಯಾಗಿ. ಹಾಗಾದರೆ ಅವು ಇನ್ನೂ ಅಂಟಿಸದ ಚೀಟಿಗಳ ರೋಲಿನಿಂದಲೇ ಕಳುವಾಗಿರಬೇಕು, ರೋಲಿಟ್ಟ ಕಪಾಟಿನ ಕೀಲಿಕೈ ಇದ್ದದ್ದು ಗೀತಾಂಜಲಿಯ ಹತ್ತಿರ. ಎರಡಕ್ಕೆ ಎರಡು ಕೂಡಿಸಿದರೆ ನಾಲ್ಕು ಎನ್ನುವಷ್ಟು ಸಲೀಸಾಗಿ ಒಬ್ಬ ಹುಡುಗಿಯ ಹೆಸರು ಕೆಡಿಸಿದ್ದೆ.

ಬ್ಲೇಡು ಹಿಡಿದೆ. ಎಡಗೈಯಲ್ಲಿ ಪೊಟ್ಟಣ ಎತ್ತಿಕೊಂಡೆ. ಸಾಹುಕಾರರು ಏನೋ ಮಾತಾಡುತ್ತಿದ್ದರು, ನಾನು ಹೂಂಗುಟ್ಟುತ್ತಿದ್ದೆ. ಬೀಜ ಮೇಜಿನ ಮೇಲೆ ಸರಸರ ಸುರಿಯಿತು.

ಮಡಿವಾಳಪ್ಪನವರು ನನ್ನ ಕೈಯನ್ನೇ ನೋಡತೊಡಗಿದರು. ನಾನು ಕೈಯಲ್ಲಿದ್ದ ಖಾಲಿ ಪೊಟ್ಟಣ ನೋಡಿದೆ. ಬಾಯಿ ಹಾಗೇ ಇತ್ತು. ಬಸವಣ್ಣ ಒಂದು ಗೀರೂ ಇಲ್ಲದೆ ಹೊಳೆಯುತ್ತಿದ್ದ. ನನ್ನ ಕೈ ಪೊಟ್ಟಣವನ್ನು ತಲೆಕೆಳಗು ಮಾಡಿ ತಳ ಕೊಯ್ದಿತ್ತು.

ನಾನು ಬೇಕೆಂದು ಮಾಡಿದ್ದಲ್ಲ. ನಮ್ಮ ಮನೆಯಲ್ಲಿ ದೇವರ ಚಿತ್ರ ಇರುವ ಮದುವೆ ಕಾರ್ಡನ್ನು ಕೂಡ ಹರಿಯುವುದಿಲ್ಲ. ಕ್ಯಾಲೆಂಡರಿನ ಶಿವ ಹಳೆಯದಾದರೆ ಮಡಚಿ ಹೊಳೆಗೆ ಬಿಡುತ್ತಾರೆ. ಊದುಬತ್ತಿಯ ಪ್ಯಾಕೆಟ್ಟಿನ ಮೇಲೆ ಲಕ್ಷ್ಮಿ ಇದ್ದರೆ ಇನ್ನೊಂದು ತುದಿ ಬಿಚ್ಚುತ್ತಾರೆ. ಬಸವಣ್ಣನ ಮುಖಕ್ಕೆ ಬ್ಲೇಡು ಇಡುವ ಕೈ ನಮ್ಮ ಕಡೆಯ ಒಕ್ಕಲುತನದ ಮನೆಯಲ್ಲಿ ಹುಟ್ಟುವುದೇ ಇಲ್ಲ. ಹರಿಯಲೇಬೇಕಾದ ಚೀಟಿಯ ಮೇಲೆ ಹರಿಯಬಾರದ ದೇವರನ್ನು ಇಟ್ಟಿದ್ದರು. ನನಗೆ ಅದು ಈವರೆಗೆ ಹೊಳೆದಿರಲಿಲ್ಲ.

ನಕಲಿಯೊಂದನ್ನು ಎತ್ತಿಕೊಂಡು ತಳ ನೋಡಿದೆ. ಇನ್ನೊಂದನ್ನು ನೋಡಿದೆ. ಎಲ್ಲದರ ತಳವೂ ಒಳಮಡಚಿ ಮತ್ತೆ ಅಂಟು ಹಾಕಿದ್ದು. ಕಂಪನಿಯ ಪೊಟ್ಟಣದ ಪಕ್ಕ ನಿಲ್ಲಿಸಿದರೆ ನಕಲಿ ಒಂದು ಬೆರಳಿನಷ್ಟು ಗಿಡ್ಡ. ತಾರೀಖೋ, ರಬ್ಬರ್ ಸ್ಟಾಂಪಿನದು, ಸ್ಪಿರಿಟ್ಟಿನಿಂದ ಒರೆಸಿ ಹೊಸದು ಹೊಡೆದರೆ ಆಯಿತು. ಭೂತಗನ್ನಡಿ ಹಿಡಿದು ಚೀಟಿಯನ್ನು ಇಂಚಿಂಚು ನೋಡಿದ್ದ ಮಹಾಶಯ ನಾನು, ಪೊಟ್ಟಣದ ತಳ ನೋಡಿರಲಿಲ್ಲ.

"ಸಾಹುಕಾರ್ರ, ಚೀಟಿ ಯಾರೂ ಕದ್ದಿಲ್ಲ," ಎಂದೆ. "ಹೋದ ವರ್ಷ ಬಿತ್ತಿ ಖಾಲಿಯಾದ ಪೊಟ್ಟಣ ಇವು. ಯಾರೋ ಹಳ್ಳಿ ಹಳ್ಳಿ ತಿರುಗಿ ಕೂಡಸ್ಯಾರ. ಕೆಳಗಿಂದ ತುಂಬಿ ಅಂಟಸ್ಯಾರ."

ಅವರು ಹಣೆಯ ವಿಭೂತಿಯನ್ನು ಒಮ್ಮೆ ಮುಟ್ಟಿಕೊಂಡರು. ಎಲ್ಲೋ ಒಬ್ಬಿಬ್ಬರು ಹಾಗೆ ಒಡೆಯಬಹುದು, ಊರೂರೇ ಹಾಗೆ ಒಡೆಯುತ್ತದೆಯೇ ಎಂದು ಕೇಳಿದರು. ಆಮೇಲೆ ಮೆಲ್ಲಗೆ, ರೋಲಿನ ಲೆಕ್ಕ ಕಡಿಮೆ ಬಿದ್ದದ್ದಕ್ಕೆ ಏನನ್ನುತ್ತೀರಿ ಎಂದರು. ಆ ಲೆಕ್ಕ ನೋಡಿದವರು ಅವರೇ. ಅವರು ಹೇಳಿದ್ದನ್ನು ನಾನು ಬರೆದುಕೊಂಡಿದ್ದೆ, ಅಷ್ಟೇ.

ಇನ್ನೂ ಒಂದು ಇತ್ತು. ಪ್ರತಿ ನಕಲಿಯ ಚೀಟಿಯ ಕೆಳಗೆ, ಬಸವಣ್ಣನ ಪಾದಕ್ಕೆ ಸರಿಯಾಗಿ, ಕಾಗದದಲ್ಲಿ ಒಂದು ಮಾಸಿದ ಕೆಂಪು ಕಲೆ. ಯಾರೋ ಒರೆಸಿದ್ದರೂ ಕಾಗದ ಹೀರಿಕೊಂಡಿತ್ತು. ಕುಂಕುಮದ ಬೆರಳು. ಆಕಾರ ಪೂರ್ತಿ ದುಂಡಗಲ್ಲ, ಒಂದು ಬದಿ ಕಡಿದಂತೆ, ಅರ್ಧ ಚಂದ್ರ. ಆ ವಾರ ಗೀತಾಂಜಲಿಯ ಬೆರಳಿಗೆ ಪಟ್ಟಿ ಕಟ್ಟಿತ್ತು. ಕುಂಕುಮ ಹಚ್ಚಿಕೊಂಡ ಕೈ, ಪಟ್ಟಿ ಕಟ್ಟಿದ ಬೆರಳು, ಅದಕ್ಕೇ ಅರ್ಧ ಗುರುತು ಎಂದು ಇದೇ ಕೋಣೆಯ ಬಾಗಿಲು ಹಾಕಿಕೊಂಡು, ಕಾಲ ಮೇಲೆ ಕಾಲು ಹಾಕಿ, ಮಡಿವಾಳಪ್ಪನವರಿಗೆ ಪಾಠ ಹೇಳಿದ್ದೆ. ದೇವರ ವಿಷಯ, ಕುಂಕುಮದ ಮಾತು ರಿಪೋರ್ಟಿನಲ್ಲಿ ಬೇಡ, ಹೊರಗೂ ಆಡಬೇಡಿ ಎಂದಿದ್ದರು ಅವರು. ದೊಡ್ಡ ಮನುಷ್ಯ ಎಂದುಕೊಂಡಿದ್ದೆ.

ಈಗ ಆ ಕಲೆ ನೋಡಿದರೆ ಅದು ಪೂಜೆ. ಕಳ್ಳಿಯ ಬೆರಳಿನ ಗುರುತು ದೇವರ ಪಾದ ಹುಡುಕಿಕೊಂಡು ಹೋಗಿ ಬೀಳುತ್ತದೆಯೇ? ಪೊಟ್ಟಣ ಕೆಳಗಿಟ್ಟೆ.

ಸಹಿ ಮಾಡುವುದಿಲ್ಲ ಎಂದೆ. ಬೆಳಗಿನ ಪಾಳಿ ಬರುವ ಹೊತ್ತಿಗೆ ಇನ್ಸ್‌ಪೆಕ್ಟರು ಬರುತ್ತಾರೆ, ಅಷ್ಟರೊಳಗೆ ನೀವು ಬೇರೆ ಹೆಸರು ತರದಿದ್ದರೆ ನಾನೇ ಗೀತಾಂಜಲಿಯ ಮೇಲೆ ಕಂಪ್ಲೇಂಟ್ ಕೊಡುತ್ತೇನೆ ಎಂದು ಮಡಿವಾಳಪ್ಪನವರು ಹೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದರಿಂದ ನನಗೆ ಆಗ ಸಮಾಧಾನವೇ ಆಯಿತು.

* * *

ಗೇಟಿನಲ್ಲಿ ಬೇರೆ ಯಾರೋ ಕುಳಿತಿದ್ದರು. ಗುಡ್ಡಪ್ಪನ ಕುರ್ಚಿಯ ಮೇಲೆ ಅವನ ಹಳೆಯ ಟೊಪ್ಪಿಗೆ ಹಾಗೇ ಇತ್ತು.

ಗುಡ್ಡಪ್ಪ ಗೀತಾಂಜಲಿಯ ತಂದೆ. ಕಾರ್ಖಾನೆ ಶುರುವಾದಂದಿನಿಂದ ಆ ಗೇಟಿಗೆ ಕಾವಲು. ಪಾಳಿ ಬಿಟ್ಟಾಗ ಹೆಣ್ಣುಮಕ್ಕಳ ಚೀಲ, ಊಟದ ಡಬ್ಬಿ ನೋಡಿ ಬಿಡುವುದು ಅವನ ಕೆಲಸ. ಮಗಳ ಡಬ್ಬಿ ಮಾತ್ರ ನೋಡುತ್ತಿರಲಿಲ್ಲ, ಯಾರೂ ಅದಕ್ಕೆ ಚಕಾರ ಎತ್ತಿರಲಿಲ್ಲ. ಹೋದ ವಾರ ನಾನು ಎತ್ತಿದೆ. ಇಡೀ ಪಾಳಿಯನ್ನು ಸಾಲಾಗಿ ನಿಲ್ಲಿಸಿ, ಮೊದಲು ನಿನ್ನ ಮಗಳದು ತೆಗೆದು ತೋರಿಸು ಎಂದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿ, ಆಮೇಲೆ ತೆಗೆದ. ಡಬ್ಬಿಯಲ್ಲಿ ಉಳಿದ ರೊಟ್ಟಿ ಚೂರು, ಚೀಲದಲ್ಲಿ ಬಾಚಣಿಗೆ, ಹೆಣ್ಣುಮಗಳೊಬ್ಬಳು ಗಂಡಸರ ಮುಂದೆ ತೋರಿಸಬಾರದ ಬಟ್ಟೆ. ಅದನ್ನೂ ಅವನೇ ಎತ್ತಿ ಹಿಡಿದ. ಸಿಕ್ಕದ್ದು ಏನೂ ಇಲ್ಲ.

ಅಷ್ಟಕ್ಕೇ ಬಿಡದೆ ಅವರ ಮನೆಗೂ ಹೋಗಿದ್ದೆ. ಬೂಟುಗಾಲಲ್ಲಿ ನಿಂತವನ ಕಣ್ಣಿಗೆ ದೇವರ ಜಗಲಿಯ ಗೋಡೆಯ ಮೇಲೆ ಅಂಥದೇ ಬಸವಣ್ಣ ಹೊಳೆದಿತ್ತು. ಪೊಟ್ಟಣದ ಬಾಯಿಯ ತುಂಡು ಸಮೇತ ಅದನ್ನು ಎಬ್ಬಿಸಿಕೊಂಡು ಬಂದೆ. ಅವಳ ತಾಯಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತದ್ದು ನೋಡಿ, ತಪ್ಪು ಸಿಕ್ಕಿಬಿತ್ತು ಎಂಬ ಗಾಬರಿ ಎಂದುಕೊಂಡಿದ್ದೆ.

ಈ ಸಲ ಹಳೇಹುಬ್ಬಳ್ಳಿಯ ಆ ಓಣಿಯಲ್ಲಿ ಸ್ಕೂಟರನ್ನು ದೂರದಲ್ಲೇ ನಿಲ್ಲಿಸಿದೆ. ಚಪ್ಪಲಿ ಹೊರಗೆ ಬಿಟ್ಟೆ. ಬಾಗಿಲಲ್ಲಿ ನಿಂತ ನನ್ನನ್ನು ಯಾರೂ ಒಳಗೆ ಬಾ ಎನ್ನಲೂ ಇಲ್ಲ, ಹೋಗು ಎನ್ನಲೂ ಇಲ್ಲ. ಗುಡ್ಡಪ್ಪ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಜಗಲಿಯ ಮೇಲೆ ಸುಣ್ಣ ಕಿತ್ತ ಜಾಗ ಬೆಳ್ಳಗೆ ಕಾಣುತ್ತಿತ್ತು. ಅದರ ಕೆಳಗೆ ದೀಪ ಹಚ್ಚಿಟ್ಟಿದ್ದರು.

ಗೀತಾಂಜಲಿ ನೀರಿನ ತಂಬಿಗೆ ತಂದು ಹೊಸ್ತಿಲ ಮೇಲಿಟ್ಟು ಹಿಂದೆ ಸರಿದಳು. ಬೆರಳಿನ ಪಟ್ಟಿ ಬಿಚ್ಚಿತ್ತು, ಸುಟ್ಟ ಗಾಯ ಆರುತ್ತಿತ್ತು. ಆ ಬೆರಳಿನ ಮೇಲೆ ನಾನು ಕಟ್ಟಿದ ಕಥೆಯನ್ನು ಅವಳಿಗೆ ಹೇಳುವ ಧೈರ್ಯ ಬರಲಿಲ್ಲ, ಹೇಳಲೂ ಇಲ್ಲ.

"ಜಗಲಿ ಮ್ಯಾಲಿನ ಚೀಟಿ ನಿಮಗ ಎಲ್ಲಿಂದ ಬಂತವಾ?" ಎಂದು ಕೇಳಿದೆ.

"ಅವತ್ತೂ ಹೇಳೀನ್ರಿ," ಎಂದಳು. "ನೀವು ಕೇಳಿಸ್ಕೊಳ್ಳಿಲ್ಲ. ನಮ್ಮ ದೊಡ್ಡವ್ವಾರ ಹೊಲದಾಗ ಬಿತ್ತಿದ ಪೊಟ್ಟಣದ ಬಾಯಿ ಅದು. ಮಣ್ಣೆತ್ತಿನ ಅಮಾಸಿಗೆ ಎತ್ತಿನ ಹಿಂದ ಹಚ್ಚಿದ್ವಿ."

ದೊಡ್ಡವ್ವನ ಊರು ಯಾವುದು ಎಂದೆ. ಹೆಬ್ಬಳ್ಳಿ ಎಂದಳು.

ಹೆಬ್ಬಳ್ಳಿ ನನ್ನ ಊರು. ಅಂದೇ ಈ ಒಂದು ಮಾತು ಕೇಳಿದ್ದರೆ ಅವ್ವನ ಮನೆಗೆ ಹೋಗಿ ಊಟ ಮಾಡುತ್ತಲೇ ಇದನ್ನೆಲ್ಲ ಬಿಡಿಸಬಹುದಿತ್ತು. ಉಳಿದ ಖಾಲಿ ಪೊಟ್ಟಣಗಳನ್ನು ಅಲ್ಲಿ ಏನು ಮಾಡುತ್ತಾರೆ ಎಂದು ವಿಚಾರಿಸಿದೆ. ದೇವರ ಚಿತ್ರವನ್ನು ತಿಪ್ಪೆಗೆ ಎಸೆಯುತ್ತಾರೆಯೇ, ಹೊಳೆಗೆ ಬಿಡುತ್ತೇವೆಂದು ಯಾರೋ ಮನೆಮನೆಗೆ ಬಂದು ಒಯ್ಯುತ್ತಾರಂತೆ, ಯಾರೆಂದು ತಾನು ಕೇಳಿಲ್ಲ ಎಂದಳು.

ಒಯ್ಯುವವನು ಸಿಕ್ಕರೆ ಎಲ್ಲ ಸಿಕ್ಕಂತೆ. ನಾನು ಕೈ ಮುಗಿದೆ. ತಪ್ಪಾಯಿತು, ನಿನ್ನದೇನೂ ಇಲ್ಲ ಎಂದು ನನಗೆ ಗೊತ್ತಾಗಿದೆ, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ ಎಂದೆ. ಇಷ್ಟು ಹೇಳಿದರೆ ನನ್ನ ಎದೆ ಹಗುರಾಗುತ್ತದೆ ಎಂದು ಲೆಕ್ಕ ಹಾಕಿದ್ದೆ.

ಗೀತಾಂಜಲಿ ತಂಬಿಗೆಯ ಕಡೆ ನೋಡುತ್ತ ನಿಂತಳು.

"ಓಣ್ಯಾಗ ಯಾರೂ ಇಲ್ಲದಾಗ ಬಂದು ಹೇಳಿದ್ರ ನಾ ಏನ್ ಮಾಡ್ಲಿರಿ ಅದನ್ನ? ಗೇಟಿನ್ಯಾಗ ಎಲ್ಲಾರ ಮುಂದ ಕಳ್ಳಿ ಅಂದ್ರಿ. ಅಲ್ಲೇ ಹೇಳ್ರಿ. ಬೆಳಗಿನ ಪಾಳಿ ಬರೂ ಮುಂದ, ಎಲ್ಲಾರೂ ನಿಂತಿರತಾರಲ್ಲ, ಆವಾಗ. ಕದ್ದಾವರು ಯಾರು ಅಂತ ಹೆಸರು ಹಿಡದು ಹೇಳ್ರಿ. ಬರೇ ನಾ ಅಲ್ಲ ಅಂದ್ರ ಮಂದಿ ನಂಬೂದಿಲ್ಲ."

"ಹೇಳತೇನಿ," ಎಂದೆ. "ಹೆಸರು ಹಿಡದ ಹೇಳತೇನಿ. ಅವ ಯಾವನ ಇರ್ಲಿ."

ಆಗ ಗುಡ್ಡಪ್ಪ ಗೋಡೆಯ ಕಡೆ ಮುಖ ಇಟ್ಟುಕೊಂಡೇ ಮಾತಾಡಿದ. ಅವನ ದನಿ ಸಣ್ಣದಾಗಿತ್ತು, ಕೇಳಲು ನಾನು ಬಗ್ಗಬೇಕಾಯಿತು.

"ನಿಮ್ಮನ್ನ ಬೈಯೂದಿಲ್ರಿ ಸಾಹೇಬ್ರ. ನೀವು ತಗಿ ಅಂದ್ರಿ, ಖರೇ. ತಗದಾವ ನಾ. ಆಕಿ ಡಬ್ಬಿ ನಾ ತಗೀಬಾರದಿತ್ತು. ಟೊಪ್ಪಿಗಿ ಅಲ್ಲೇ ಒಗದು ಮಗಳನ್ನ ಕರಕೊಂಡು ಮನಿಗೆ ಬರಬೇಕಾಗಿತ್ತು. ನೌಕರಿ ಅಂತ ಹೇಳಿ ಸುಮ್ಮನ ತಗದೆ."

ತಾಯಿ ಒಳಗಿಂದ ಏನೋ ಹೇಳಿ ಅವನನ್ನು ಸುಮ್ಮನಾಗಿಸಿದಳು. ತಂಬಿಗೆಯ ನೀರನ್ನು ನಾನು ಮುಟ್ಟಲಿಲ್ಲ, ಮುಟ್ಟುವ ಯೋಗ್ಯತೆ ನನಗಿರಲಿಲ್ಲ. ಓಣಿಯ ತುದಿಗೆ ಬಂದ ಮೇಲೆ ನನಗೆ ನನ್ನ ಮೇಲೇ ಹೇಸಿಗೆ ಬಂತು. ಅಪರಾಧಿ ಯಾವನೇ ಇರಲಿ ಎಂದು ಗತ್ತಿನಿಂದ ಮಾತು ಕೊಟ್ಟಿದ್ದೆನಲ್ಲ, ಆ ಗತ್ತು ಒಂದೇ ಇನ್ನೂ ಗಟ್ಟಿ ಉಳಿದಿತ್ತು.

* * *

ಹೆಬ್ಬಳ್ಳಿ ಮುಟ್ಟುವಾಗ ಬಿಸಿಲು ಇಳಿದಿತ್ತು. ದಾರಿಯ ಎರಡೂ ಕಡೆ ಎರಿ ಹೊಲಗಳಲ್ಲಿ ಕೆಲವು ಕಡೆ ಹತ್ತಿ ಎರಡೆಲೆ ಬಿಟ್ಟಿತ್ತು, ಕೆಲವು ಕಡೆ ಬರೀ ಕಪ್ಪು ಮಣ್ಣು. ಹೆಂಗಸರು ಬಗ್ಗಿ ಖಾಲಿ ಬಿದ್ದ ಸಾಲಿನಲ್ಲಿ ಮತ್ತೆ ಬೀಜ ಊರುತ್ತಿದ್ದರು. ಅವರಲ್ಲಿ ಇಬ್ಬರು ನನ್ನ ಗುರುತು ಹಿಡಿದು ಕೈ ಎತ್ತಿದರು. ಪತ್ತೇದಾರ ಬಂದ, ಇನ್ನೇನು ಕಳ್ಳ ಸಿಕ್ಕ ಎಂದು ಕೂಗಿ ಹಾಸ್ಯ ಮಾಡಿದರು.

ನಮ್ಮ ಮನೆಯಲ್ಲಿ ಅವ್ವ, ನನ್ನ ತಂಗಿ ಸುಮಲತಾ, ಅವಳ ಗಂಡ ಮೈಲಾರಿ. ಮೈಲಾರಿ ಮನೆ ಅಳಿಯನಾಗಿ ಬಂದವನು. ಬೆಳವಲಬಸವ ಕಂಪನಿಗೆ ಹಳ್ಳಿ ಏಜೆಂಟ್ ಬೇಕೆಂದಾಗ ಅವನ ಹೆಸರು ಹೇಳಿದವನು ನಾನು. ಈ ಕೇಸಿಗೆ ನನ್ನ ಹೆಸರನ್ನು ಸಾಹುಕಾರರಿಗೆ ಹೇಳಿದವನು ಅವನು. ಒಬ್ಬರ ಬೆನ್ನು ಒಬ್ಬರು ಕೆರೆದುಕೊಂಡು ಛಲೋ ಇದ್ದೆವು.

ಅವನ ಮೋಟರ್‌ಸೈಕಲ್ ಅಂಗಳದಲ್ಲಿ ಇರಲಿಲ್ಲ. ಕಂಪನಿ ಕೆಲಸಕ್ಕೆ ಎಲ್ಲೋ ಹೋಗಿದ್ದಾನೆ ಎಂದಳು ಸುಮಲತಾ. ಚಹಾ ಕಾಸಲು ಒಳಗೆ ಹೋದಳು.

ನನ್ನ ಅವ್ವ ಬೀರವ್ವ ಪಡಸಾಲೆಯಲ್ಲಿ ಕುಳಿತು ಶೇಂಗಾ ಒಡೆಯುತ್ತಿದ್ದಳು. ನನ್ನನ್ನು ನೋಡಿ ಹಿಗ್ಗಿದಳು. ಊರಿನ ಹತ್ತಿ ಮೊಳೆಯದ್ದು, ಮಂದಿ ಕಂಪನಿಯವರನ್ನು ಬೈಯುವುದು, ನನ್ನ ಮಗ ಹಿಡಿಯುತ್ತಾನೆ ಬಿಡ್ರಿ ಎಂದು ತಾನು ಎಲ್ಲರಿಗೂ ಹೇಳಿದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದಳು. ನಾನು ತಲೆ ಆಡಿಸುತ್ತ ಶೇಂಗಾ ಬಾಯಿಗೆ ಹಾಕಿಕೊಂಡೆ.

"ಅವ್ವಾ, ಬಸವಣ್ಣನ ಪೊಟ್ಟಣ ಖಾಲಿಯಾದ ಮ್ಯಾಲ ಅವನ್ನ ಯಾರು ಒಯ್ತಾರ?" ಎಂದು ಕೇಳಿದೆ. ಯಾರೋ ಊರಾಚೆಯವನ ಹೆಸರು ಬರುತ್ತದೆ ಎಂದು ಕಾದಿದ್ದೆ.

"ಮತ್ಯಾರು? ನಮ್ಮ ಮೈಲಾರಿ," ಎಂದಳು.

ಒಳಗೆ ಚಹಾದ ಬಸಿ ಸದ್ದಾಗಿ ನಿಂತಿತು.

ಅವ್ವನಿಗೆ ಅಳಿಯನನ್ನು ಹೊಗಳಲು ಒಂದು ನೆಪ ಸಿಕ್ಕಿತು. ದೇವರ ಚಿತ್ರ ಮಂದಿಯ ಕಾಲಡಿ ಬೀಳುತ್ತದೆಂದು ಅವನ ಜೀವಕ್ಕೆ ಸಮಾಧಾನವಿಲ್ಲವಂತೆ. ಸುತ್ತಿನ ಊರುಗಳಿಗೆಲ್ಲ ಹೋಗಿ ಕೂಡಿಸಿ ತಂದು, ಇಲ್ಲಿ ಇಟ್ಟು, ಆಮೇಲೆ ಮಲಪ್ರಭಾ ಹೊಳೆಗೆ ಬಿಟ್ಟು ಬರುತ್ತಾನಂತೆ. ಹೋದ ವರ್ಷ ಕಂಪನಿಯ ಜೀಪು ತುಂಬ ಒಯ್ದನಂತೆ. ಹೆಣ್ಣುಮಕ್ಕಳು ಅವನನ್ನು ದೇವರಂಥ ಮನುಷ್ಯ ಎನ್ನುತ್ತಾರಂತೆ. ಮೊದಮೊದಲು ಕೊಡಲು ಹಿಂಜರಿದವರು ಕೂಡ, ಬೀರವ್ವನ ಅಳಿಯ, ಶಶಿಕಾಂತನ ಮಂದಿ ಎಂದ ಮೇಲೆ ಕೊಟ್ಟರಂತೆ.

ನನ್ನ ಹೆಸರು ಅಷ್ಟು ಕೆಲಸಕ್ಕೆ ಬಂದದ್ದು ಕೇಳಿ ಕೈಯಲ್ಲಿದ್ದ ಶೇಂಗಾ ಕೆಳಗಿಟ್ಟೆ.

"ಈ ವರ್ಷದ್ದು ಇನ್ನೂ ಇಲ್ಲೇ ಅದಾವು. ನೋಡತೀಯೇನು?" ಎಂದು ಅವ್ವ ಎದ್ದು, ಕಾಳಿನ ಕೋಣೆಯ ಅಗಳಿ ತೆಗೆದಳು.

ಜೋಳದ ಚೀಲಗಳ ಪಕ್ಕ ಗೋಡೆಗೆ ಒರಗಿಸಿದ ಗೋಣಿಚೀಲಗಳು. ಅವ್ವ ಒಂದರ ಬಾಯಿ ಬಿಚ್ಚಿದಳು. ಬಾಗಿಲಿನಿಂದ ಬಂದ ಬೆಳಕಿಗೆ ಒಳಗೆಲ್ಲ ಬಸವಣ್ಣರು ಹಸಿರು ಕೆಂಪಾಗಿ ಹೊಳೆದರು. ಎಲ್ಲ ಪೊಟ್ಟಣಗಳ ಬಾಯಿ ಮುಚ್ಚಿತ್ತು, ತಳ ಬಿಚ್ಚಿತ್ತು. ಅಚ್ಚುಕಟ್ಟಾಗಿ ಒಂದರ ಮೇಲೊಂದು ಜೋಡಿಸಿದ್ದರು. ನಾನು ಮೇಲಿನದನ್ನು ಎತ್ತಿಕೊಂಡೆ.

ಚೀಟಿಯ ಕೆಳಗೆ, ಪಾದಕ್ಕೆ ಸರಿಯಾಗಿ, ಕುಂಕುಮ. ಒರೆಸಿದ್ದಲ್ಲ, ಮಾಸಿದ್ದಲ್ಲ, ಹಸಿ ಕೆಂಪು. ಅರ್ಧ ಚಂದ್ರ.

"ಇದನ್ನ ಯಾರು ಹಚ್ಚಿದ್ರವಾ?"

"ನಾನಪಾ. ಹೊಳಿಗೆ ಹೋಗೂ ದೇವರನ್ನ ಹಂಗ ಬರಿದ ಕಳಸತಾರೇನು? ಒಂದೊಂದಕ್ಕೂ ಹಚ್ಚೇನಿ. ಮಾರಿ ಮುಚ್ಚಬಾರದಂತ ಪಾದಕ್ಕ ಹಚ್ಚತೇನಿ. ಹೋದ ವರ್ಷಾನೂ ಹಚ್ಚಿದ್ದೆ."

ಅವಳ ಬಲಗೈ ಆ ಪೊಟ್ಟಣವನ್ನು ಸವರುತ್ತಿತ್ತು. ಉಂಗುರ ಬೆರಳಿನ ತುದಿಯಲ್ಲಿ ಒಂದು ಬದಿ ಇಲ್ಲ. ನಾನು ಸಣ್ಣವನಿದ್ದಾಗ ಜೋಳ ಕೊಯ್ಯುವ ಕುಡುಗೋಲು ಒಯ್ದದ್ದು. ಆ ಬೆರಳನ್ನು ನೋಡಿಯೇ ನಾನು ದೊಡ್ಡವನಾಗಿದ್ದೇನೆ. ಪರೀಕ್ಷೆಗೆ ಹೋಗುವಾಗ, ನೌಕರಿಗೆ ಹೋಗುವಾಗ, ಮನೆಯಿಂದ ಹೊರಡುವ ಪ್ರತಿ ಸಲವೂ ಅದೇ ಬೆರಳಿನ ಕುಂಕುಮ ನನ್ನ ಹಣೆಯ ಮೇಲೆ ಇತ್ತು. ಆ ಗುರುತನ್ನು ಭೂತಗನ್ನಡಿಯಲ್ಲಿ ದಿನಗಟ್ಟಲೆ ನೋಡಿಯೂ ನನಗೆ ನೆನಪಾದದ್ದು ಇನ್ನೊಬ್ಬರ ಮಗಳ ಸುಟ್ಟ ಬೆರಳು.

ಅವ್ವನಿಗೆ ಏನು ಹೇಳಲಿ? ನೀನು ಹೊಳೆಗೆ ಕಳಿಸಿದ ದೇವರು ಹೊಳೆ ಮುಟ್ಟಲಿಲ್ಲ ಎನ್ನಲೇ? ಈ ಊರಿನ ಹೊಲಗಳು ಖಾಲಿ ಬಿದ್ದದ್ದು ನಿನ್ನ ಕೋಣೆಯಿಂದ ಹೋದ ಪೊಟ್ಟಣಗಳಿಂದಲೇ ಎನ್ನಲೇ? ನಾಳೆ ಗೇಟಿನಲ್ಲಿ ಮೈಲಾರಿಯ ಹೆಸರು ಹೇಳಿದರೆ ಪೊಲೀಸರು ಮೊದಲು ಬರುವುದು ಈ ಕೋಣೆಗೆ, ಮೊದಲು ಹಿಡಿದು ನೋಡುವುದು ಈ ಬೆರಳನ್ನು. ಹೇಳದಿದ್ದರೆ ಗೀತಾಂಜಲಿ ಸ್ಟೇಶನ್ನಿಗೆ ಹೋಗುತ್ತಾಳೆ. ಮಗಳ ಡಬ್ಬಿ ತೆಗೆದದ್ದಕ್ಕೆ ಅಪ್ಪ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ನಾನು ಅವನಿಂದ ಏನನ್ನು ತೆಗೆಸಿದೆ ಎಂಬುದು ಆ ಕಾಳಿನ ಕೋಣೆಯಲ್ಲಿ ನನಗೆ ಪೂರ್ತಿ ತಿಳಿಯಿತು.

"ಯಾಕೋ, ಮಾರಿ ಸಣ್ಣದಾತು?" ಎಂದಳು ಅವ್ವ.

ಹಸಿವು ಎಂದೆ. ರೊಟ್ಟಿ ತಿಂದು ಹೋಗು ಎಂದಳು. ಕೆಲಸ ಇದೆ ಎಂದೆ. ಒಂದು ಚೀಲ ನಾನು ಒಯ್ಯುತ್ತೇನೆ, ಹುಬ್ಬಳ್ಳಿಯಲ್ಲಿ ಬೇಕಾಗಿದೆ ಎಂದಾಗ ಅವಳು ಏನೂ ಕೇಳಲಿಲ್ಲ. ಮಗ ಒಯ್ದರೂ ಅಷ್ಟೇ, ಅಳಿಯ ಒಯ್ದರೂ ಅಷ್ಟೇ. ಚೀಲದ ಬಾಯಿ ತಾನೇ ಕಟ್ಟಿಕೊಟ್ಟಳು. ದೇವರು ಅದಾನ, ಕಾಲ ಹತ್ತರ ಇಡಬ್ಯಾಡ ಎಂದು ಮಾತ್ರ ಎಚ್ಚರಿಸಿದಳು.

ಆಮೇಲೆ ಜಗಲಿಯಿಂದ ಕುಂಕುಮದ ಭರಣಿ ತಂದಳು. ಬೆರಳನ್ನು ನೀರಿಗೆ ಅದ್ದಿ, ಕುಂಕುಮಕ್ಕೆ ಅದ್ದಿ, ನನ್ನ ಹಣೆಗೆ ಒತ್ತಿದಳು. ಬಗ್ಗಿ ಅವಳ ಪಾದ ಮುಟ್ಟಿದೆ. ದಿನಾ ಹೀಗೆ ಮಾಡುವವನಲ್ಲ ನಾನು, ಅವಳಿಗೆ ಆಶ್ಚರ್ಯವಾಗಿರಬೇಕು.

ಚೀಲವನ್ನು ಸ್ಕೂಟರಿನ ಹಿಂದಿನ ಸೀಟಿಗೆ ಬಿಗಿದೆ. ಚಹಾ ಬಂದಿರಲಿಲ್ಲ. ಕನ್ನಡಿಯಲ್ಲಿ ನನ್ನ ಮುಖ ಕಂಡಿತು. ಹಣೆಯ ನಡುವೆ ಅರ್ಧ ಚಂದ್ರ, ಒಂದು ಬದಿ ಕಡಿದದ್ದು, ಮೇಜಿನ ಮೇಲಿನ ಪ್ರತಿ ನಕಲಿ ಪೊಟ್ಟಣದ ಮೇಲಿದ್ದಂಥದ್ದೇ.

ಈ ಹಣೆ ಹೊತ್ತುಕೊಂಡು ನಾಳೆ ಆ ಗೇಟಿನಲ್ಲಿ ನಿಲ್ಲಬೇಕು. ನಿಂತು ತಂಗಿಯ ಗಂಡನ ಹೆಸರು ಹೇಳಬೇಕು. ಹೇಳುತ್ತೇನೆಯೇ? ಹೇಳುತ್ತೇನೆ ಎಂದು ನನಗೆ ನಾನೇ ಗಟ್ಟಿಯಾಗಿ ಅಂದುಕೊಂಡೆ. ಹಳೇಹುಬ್ಬಳ್ಳಿಯಲ್ಲಿ ಇದ್ದ ಗತ್ತು ಆ ಮಾತಿನಲ್ಲಿ ಇರಲಿಲ್ಲ.

ಸುಮಲತಾ ಬಾಗಿಲಿಗೆ ಬಂದಳು. ಅವ್ವ ಒಳಗೆ ಹೋಗುವವರೆಗೆ ಕಾದು, ಅಂಗಳ ದಾಟಿ ನನ್ನ ಹತ್ತಿರ ಬಂದಳು. ಕಣ್ಣು ಕೆಂಪಾಗಿದ್ದವು. ಸೀಟಿನ ಮೇಲಿನ ಚೀಲವನ್ನು ನೋಡಿದಳು, ಅದರ ಬಗ್ಗೆ ಏನೂ ಕೇಳಲಿಲ್ಲ.

"ಅಣ್ಣಾ, ಹಣಿ ಒರಸ್ಕೊಂಡು ಹೋಗು," ಎಂದಳು. ದನಿ ಪಿಸುಮಾತಿನಷ್ಟಿತ್ತು. "ಆ ಗುರುತು ಒರಸಿದ್ರೂ ನಕಲಿ ಪೊಟ್ಟಣದ ಮ್ಯಾಲೆ ಉಳದೈತಂತ. ನೋಡಿದಾವರಿಗೆ ಅವ್ವಂದು ಅಂತ ಗೊತ್ತಾದೀತು."

ಒರೆಸಿಕೊಳ್ಳಲು ಕೈ ಎತ್ತಿದವನು ಹಾಗೇ ನಿಂತೆ.

ಆ ಗುರುತಿನ ಮಾತನ್ನು ನಾನು ರಿಪೋರ್ಟಿನಲ್ಲಿ ಬರೆದಿರಲಿಲ್ಲ. ಗೇಟಿನಲ್ಲಿ ಆಡಿರಲಿಲ್ಲ, ಗೀತಾಂಜಲಿಗೆ ಹೇಳಿರಲಿಲ್ಲ, ಈ ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಹೇಳಿದ್ದು ಒಬ್ಬರಿಗೆ, ತಾರಿಹಾಳದ ಮುಚ್ಚಿದ ಕೋಣೆಯಲ್ಲಿ. ಹೊರಗೆ ಆಡಬೇಡಿ ಎಂದಿದ್ದವರೂ, ರೋಲಿನ ಲೆಕ್ಕ ಕಡಿಮೆ ಬಿದ್ದಿದೆ ಎಂದವರೂ ಅದೇ ಮಡಿವಾಳಪ್ಪನವರು.

"ಸುಮಾ, ನಿನಗ ಇದನ್ನ ಯಾರು ಹೇಳಿದ್ರು?" ಎಂದೆ.

ಸುಮಲತಾ ಸೆರಗಿನ ತುದಿ ಹಿಡಿದು ತಾನೇ ನನ್ನ ಹಣೆಯತ್ತ ಕೈ ಚಾಚಿದಳು. ನಾನು ಆ ಕೈ ಹಿಡಿದುಕೊಂಡೆ. ಊರ ಕಡೆಯ ದಾರಿಯಲ್ಲಿ ಕಂಪನಿಯ ಜೀಪು ನಮ್ಮ ಮನೆಯತ್ತ ತಿರುಗಿತು.